ಭತ್ತದ ಮೆದೆಯ ಬೆಂಕಿ: ಜಪಾನಿನ ಬಾಲಶಿಕ್ಷಕರ ಇತಿಹಾಸದಿಂದ

ಪಂಚತಂತ್ರದಲ್ಲಿ ಮೂರು ಮೀನುಗಳ ಕಥೆಯೊಂದುಂಟು. ನಾಳೆ ಬೆಸ್ತರು ಬಂದು ಮಡುವಿನಲ್ಲಿ ಬಲೆ ಬೀಸುವರೆಂಬ ಮಾತು ಕಿವಿಗೆ ಬಿದ್ದೊಡನೆ ಅನಾಗತವಿಧಾತೃವೆಂಬ ಮೀನು ಆ ರಾತ್ರಿಯೇ ಬೇರೆಯ ನೀರಿಗೆ ಹೊರಟುಹೋಯಿತು. ಪ್ರತ್ಯುತ್ಪನ್ನಮತಿಯೆಂಬ ಮೀನು ಅಲ್ಲಿಯೇ ಉಳಿದು, ಬಲೆಗೆ ಸಿಕ್ಕಿದ ಮೇಲೆ ಸತ್ತಂತೆ ನಟಿಸಿ ತಪ್ಪಿಸಿಕೊಂಡಿತು. ಯದ್ಭವಿಷ್ಯವು ಆದದ್ದಾಗಲೆಂದು ಸುಮ್ಮನಿದ್ದು ಸತ್ತಿತು. ಈ ಕಥೆಯನ್ನು ಪಾಠ ಹೇಳುವವರು ಮೊದಲಿನ ಎರಡು ಮೀನುಗಳನ್ನೂ ಸಮವಾಗಿ ಹೊಗಳುವುದು ವಾಡಿಕೆ. ಮಕ್ಕಳಂತೂ ಎರಡನೆಯದನ್ನೇ ಹೆಚ್ಚು ಮೆಚ್ಚುತ್ತಾರೆ. ಆದರೆ ಆ ಮೀನಿಗೆ ಉಳಿಸಿಕೊಳ್ಳಬೇಕಾಗಿದ್ದುದು ತನ್ನ ಒಂದು ಜೀವ ಮಾತ್ರ. ಅದರ ಬೆನ್ನಿಗೆ ನಾಲ್ವತ್ತು ಮರಿಗಳಿದ್ದಿದ್ದರೆ ಆ ಉಪಾಯವು ಎಷ್ಟರ ಮಟ್ಟಿಗೆ ಸಾಗುತ್ತಿತ್ತೆಂಬುದನ್ನು ಕಥೆಗಾರನು ವಿಚಾರಿಸಲಿಲ್ಲ. ಎಳೆಯ ಮಕ್ಕಳನ್ನು ಕೈಯಲ್ಲಿ ಹಿಡಿದಿರುವ ಉಪಾಧ್ಯಾಯನಿಗೆ ಸಮಯಸ್ಫೂರ್ತಿಯೊಂದೇ ಸಾಕೇ ಎಂಬ ಈ ಪ್ರಶ್ನೆಯನ್ನು ಜಪಾನು ದೇಶವು ಎಂಬತ್ತು ವರ್ಷಗಳಿಗೂ ಮಿಗಿಲಾಗಿ ಮೊದಲು ಪಾಠಪುಸ್ತಕದಲ್ಲಿಯೂ, ಆಮೇಲೆ ಶಾಲೆಯ ಅಂಗಳದಲ್ಲಿಯೂ, ಕಟ್ಟಕಡೆಗೆ ನ್ಯಾಯಾಲಯದಲ್ಲಿಯೂ ವಿಚಾರಿಸುತ್ತ ಬಂದಿದೆ.

ಆ ದೇಶದ ವಾಕಾಯಾಮಾ ಸೀಮೆಯಲ್ಲಿ ಹಿರೊ ಎಂಬುದೊಂದು ಕಡಲತೀರದ ಗ್ರಾಮ. 1854ನೆಯ ಇಸವಿಯ ಡಿಸೆಂಬರ್ 24ರಂದು ಅಲ್ಲಿ ಭೂಮಿಯು ಭಯಂಕರವಾಗಿ ನಡುಗಿತು. ಅದರ ಬೆನ್ನಿಗೇ ಕಡಲು ಊರೊಳಕ್ಕೆ ನುಗ್ಗಿತು. ಜಪಾನೀಯರು ಇಂಥ ಅಲೆಗೆ ಸುನಾಮಿಯೆಂದು, ಎಂದರೆ ಬಂದರಿನ ಅಲೆಯೆಂದು, ಹೆಸರಿಟ್ಟಿದ್ದಾರೆ. ಹಮಗುಚಿ ಗೊರ್ಯೋ ಎಂಬಾತನು ಆ ಗ್ರಾಮದ ಸಿರಿವಂತ. ಸೋಯಾ ಅವರೆಯ ರಸವನ್ನು ಹುದುಗಿಸಿ ಮಾರುವ ಮನೆತನದವನು. ಆಗ ಆತನಿಗೆ ಮೂವತ್ತನಾಲ್ಕರ ಪ್ರಾಯ. ಮೊದಲಿನ ಅಲೆಯ ಸೆಳೆತಕ್ಕೆ ತಾನೇ ಸಿಕ್ಕಿ ಹೇಗೋ ಮೇಲಕ್ಕೆ ಬಂದ ಆತನು, ಕತ್ತಲಾದುದರಿಂದ ದಾರಿ ಕಾಣದೆ ತೊಳಲುತ್ತಿದ್ದ ಜನರಿಗಾಗಿ ಗದ್ದೆಗಳಲ್ಲಿದ್ದ ಹುಲ್ಲಿನ ಬಣವೆಗಳಿಗೆ ಬೆಂಕಿಯಿಡಿಸಿದನು. ಆ ಬೆಳಕನ್ನು ಹಿಡಿದು ಜನರು ಎತ್ತರದಲ್ಲಿದ್ದ ಹಚಿಮಾನ್ ದೇವಾಲಯವನ್ನು ಸೇರಿ ಬದುಕಿದರು. ಇಷ್ಟಕ್ಕೆ ಗೊರ್ಯೋವಿನ ಕಾರ್ಯವು ಮುಗಿಯಲಿಲ್ಲ. ಮನೆಮಾರುಗಳನ್ನು ಕಳೆದುಕೊಂಡು ಊರು ಬಿಟ್ಟು ಹೋಗಲಿದ್ದ ಜನರಿಗೆ ಕೂಲಿ ಕೊಟ್ಟು, ಸ್ವಂತ ಹಣದಿಂದ ನಾಲ್ಕು ವರ್ಷಗಳ ಕಾಲ ದುಡಿಸಿ, ಕಡಲಿನ ಕಡೆಗೆ ಸುಮಾರು 600 ಮೀಟರು ಉದ್ದ, 5 ಮೀಟರು ಎತ್ತರದ ಒಂದು ಏರಿಯನ್ನು ಆತನು ಕಟ್ಟಿಸಿದನು. 1946ರ ಡಿಸೆಂಬರಿನಲ್ಲಿ ಅದೇ ಕಡಲು ಮತ್ತೆ ಉಕ್ಕಿಬಂದಾಗ ಗ್ರಾಮದ ಬಹುಭಾಗವನ್ನು ಕಾಪಾಡಿದ್ದು ಆ ಏರಿಯೇ. ಕಟ್ಟಿಸಿದವನು ತೀರಿಹೋಗಿ ಆಗಲೇ ಅರವತ್ತು ವರ್ಷಗಳು ಕಳೆದಿದ್ದವು.

ಈ ಸಂಗತಿಯು ಮಕ್ಕಳ ಪಾಠವಾದ ಬಗೆ ವಿಚಿತ್ರವಾದುದು. ಜಪಾನಿನಲ್ಲಿ ನೆಲೆಸಿ ಆ ದೇಶದ ಪ್ರಜೆಯೇ ಆಗಿಹೋದ ಲಾಫ್ಕಾಡಿಯೊ ಹರ್ನ್ ಎಂಬ ಲೇಖಕನು 1897ರಲ್ಲಿ ಇದನ್ನು ಇಂಗ್ಲಿಷಿನಲ್ಲಿ ಕಥೆಯಾಗಿ ಬರೆದನು. ಹಿಂದಿನ ವರ್ಷವಷ್ಟೇ ಈಶಾನ್ಯ ತೀರದಲ್ಲಿ ಸುಮಾರು ಇಪ್ಪತ್ತೆರಡು ಸಾವಿರ ಜನರನ್ನು ಬಲಿ ತೆಗೆದುಕೊಂಡಿದ್ದ ಸುನಾಮಿಯ ನೆನಪು ಆತನ ಮನಸ್ಸಿನಲ್ಲಿ ಹಸಿಯಾಗಿತ್ತು. ಹರ್ನನ ಕಥೆಯಲ್ಲಿ ಗೊರ್ಯೋ ಮುದುಕನಾದನು; ಆತನ ಮನೆಯು ಗುಡ್ಡದ ಮೇಲಕ್ಕೆ ಏರಿತು; ಭೂಕಂಪವು ಸಣ್ಣದಾಯಿತು; ಬರಿಯ ಹುಲ್ಲಿನ ಬಣವೆಯು ಕಾಳು ತುಂಬಿದ ಭತ್ತದ ಮೆದೆಯಾಯಿತು. ಕಡಲು ಹಿಂದೆ ಸರಿದುದನ್ನು ಮುದುಕನು ಮೇಲಿನಿಂದ ಕಂಡು, ವರ್ಷದ ಬೆಳೆಗೆಲ್ಲ ತನ್ನ ಕೈಯಿಂದಲೇ ಬೆಂಕಿ ಹಚ್ಚುತ್ತಾನೆ; ಕೆಳಗಿನ ಜನರು ಬೆಂಕಿಯಾರಿಸಲೆಂದು ಓಡಿ ಮೇಲೆ ಬರುತ್ತಾರೆ; ಅಷ್ಟರಲ್ಲಿ ಅಲೆಯು ಬಂದು ಬರಿದಾದ ಊರನ್ನು ನುಂಗುತ್ತದೆ. ಇದಕ್ಕಿಂತ ಸೊಗಸಾದ ಕಥೆಯನ್ನು ಕಟ್ಟುವುದು ಕಷ್ಟವೇ ಸರಿ. ಹಿರೊವಿನ ನೆರೆಯ ಊರಿನಲ್ಲಿ ಹುಟ್ಟಿದ ನಾಕಾಯಿ ತ್ಸುನೆಜೊ ಎಂಬ ಪ್ರಾಥಮಿಕ ಶಾಲೆಯ ಉಪಾಧ್ಯಾಯನು ಅದನ್ನು ಓದಿ, ಮಕ್ಕಳಿಗೆ ತಿಳಿಯುವಂತೆ ಸಂಗ್ರಹಿಸಿ, ಸರ್ಕಾರದ ವಿದ್ಯಾಖಾತೆಯು ಪಾಠಗಳಿಗಾಗಿ ಆಹ್ವಾನವಿತ್ತಾಗ ಕಳುಹಿಸಿದನು. 1937ರಿಂದ 1947ರ ವರೆಗೆ ಅದು ದೇಶದ ಐದನೆಯ ತರಗತಿಯ ವಾಚಕದಲ್ಲಿ ಪಾಠವಾಗಿತ್ತು. ದೂರದ ಒಂದು ಶಾಲೆಯ ಸಾಮಾನ್ಯ ಉಪಾಧ್ಯಾಯನೊಬ್ಬನ ಬರವಣಿಗೆಯನ್ನು ಒಂದು ತಲೆಮಾರಿನ ಮಕ್ಕಳೆಲ್ಲ ಓದಿದರೆಂಬುದು ಆ ವೃತ್ತಿಗೆ ಸಂದ ಗೌರವವೆಂದೇ ಎಣಿಸಬೇಕು.

ಆದರೆ ಪಾಠದೊಳಕ್ಕೆ ಬಂದುದು ಬೆಂಕಿ ಮಾತ್ರ, ಏರಿಯು ಬರಲಿಲ್ಲ. ಪ್ರತ್ಯುತ್ಪನ್ನಮತಿಯು ಪುಸ್ತಕವನ್ನು ಹೊಕ್ಕಿತು, ಅನಾಗತವಿಧಾತೃವು ಹೊರಗುಳಿಯಿತು. ಒಬ್ಬ ಮಹಾಪುರುಷನ ತ್ಯಾಗವನ್ನೂ ಚುರುಕುಬುದ್ಧಿಯನ್ನೂ ಕಂಡು ಮಕ್ಕಳು ಕಣ್ಣರಳಿಸಿದರು. ಅವರ ಉಪಾಧ್ಯಾಯನು ಮಾತ್ರ ಅಂಥ ಸಮಯದಲ್ಲಿ ತಾನೇನು ಮಾಡಬೇಕೆಂಬುದನ್ನು ಆ ಪಾಠದಿಂದ ಅಷ್ಟಾಗಿ ಕಲಿಯಲಿಲ್ಲ. ಈ ಕೊರತೆಯನ್ನು ಕಂಡವರೂ ಇಲ್ಲದಿರಲಿಲ್ಲ. ಇಮಾಮುರಾ ಅಕಿತ್ಸುನೆ ಎಂಬ ಭೂಕಂಪಶಾಸ್ತ್ರಜ್ಞನು ಟೋಕಿಯೊ ನಗರಕ್ಕೆ ಮಹಾಭೂಕಂಪವು ಕಾದಿದೆಯೆಂದು 1905ರಲ್ಲಿಯೇ ಬರೆದು, ಸುಮ್ಮನೆ ಜನರನ್ನು ಹೆದರಿಸುವವನೆಂಬ ಅಪವಾದವನ್ನು ಹೊತ್ತಿದ್ದನು. 1923ರ ಸೆಪ್ಟೆಂಬರ್ 1ರ ಮಧ್ಯಾಹ್ನ ಆತನ ಮಾತು ನಿಜವಾಯಿತು. ಅದೇ ಇಮಾಮುರಾ 1940ರಲ್ಲಿ ಈ ಬೆಂಕಿಯ ಪಾಠವನ್ನು ಬೋಧಿಸುವ ಕ್ರಮದ ಮೇಲೆ ಉಪಾಧ್ಯಾಯರಿಗೆಂದೇ ಒಂದು ಚಿಕ್ಕ ಪುಸ್ತಕವನ್ನು ಬರೆದನು. ಕಥೆಯನ್ನು ಕಲಿಸುವುದಕ್ಕೆ ಮೊದಲು ಕಲಿಸುವವನು ಕಡಲನ್ನೂ ಭೂಮಿಯನ್ನೂ ತಿಳಿದಿರಬೇಕೆಂಬುದು ಆ ಶ್ರಮದ ಹಿಂದಿದ್ದ ಭಾವ. ಯುದ್ಧದ ಗದ್ದಲದಲ್ಲಿ ಇಂಥ ಪುಸ್ತಕವನ್ನು ಓದುವ ವ್ಯವಧಾನ ಎಷ್ಟು ಜನರಿಗಿದ್ದಿತು? ಯುದ್ಧವು ಮುಗಿದ ಮೇಲೆ ವಾಚಕಗಳು ಬದಲಾದವು, ಪಾಠವೂ ಹೋಯಿತು.

ಅರಿವಿಲ್ಲದ ಉಪಾಧ್ಯಾಯನ ಸ್ಥಿತಿ ಎಂಥದೆಂಬುದಕ್ಕೆ 1983ರ ಮೇ 26ರ ಸಂಗತಿಯನ್ನು ನೋಡಬೇಕು. ಜಪಾನಿನ ಪೂರ್ವತೀರಕ್ಕೆ ಸುನಾಮಿಯು ಹೊಸತಲ್ಲ. ಪಶ್ಚಿಮದ ಕಡಲಿನಲ್ಲಿ ಮಾತ್ರ ಅದು ಏಳುವುದೇ ಇಲ್ಲವೆಂಬ ನಂಬಿಕೆಯು ಜನರಲ್ಲಿ ಬೇರೂರಿತ್ತು. ಅಕಿತಾ ಸೀಮೆಯ ಒಳನಾಡಿನ ಶಾಲೆಯೊಂದರ ಮಕ್ಕಳು ಆ ದಿನ ಪಶ್ಚಿಮದ ಕಡಲನ್ನು ನೋಡಲು ಉಪಾಧ್ಯಾಯರೊಡನೆ ಮೋಟಾರು ಬಸ್ಸಿನಲ್ಲಿ ಹೊರಟಿದ್ದರು. ನಡುಹಗಲಿನಲ್ಲಿ ಭೂಮಿಯು ಕಂಪಿಸಿತು. ಓಡುತ್ತಿದ್ದ ಬಸ್ಸಿನಲ್ಲಿದ್ದವರಿಗೆ ಅದು ತಿಳಿಯಲಿಲ್ಲ. ಮಕ್ಕಳು ತೀರದ ಬಂಡೆಗಳ ಮೇಲೆ ಕುಳಿತು ಬುತ್ತಿಯನ್ನು ಬಿಚ್ಚಿದರು. ಬಂದ ಅಲೆಯು 13 ಮಕ್ಕಳನ್ನು ಕೊಂಡೊಯ್ದಿತು. ಅವರ ಉಪಾಧ್ಯಾಯರು ಹೇಡಿಗಳೂ ಅಲ್ಲ, ಅಜಾಗರೂಕರೂ ಅಲ್ಲ. ಕಡಲಿನ ಆ ಗುಣವನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಹಾಗೆ ಹೇಳಿಕೊಡುವ ಕಾರ್ಯವನ್ನು ಕ್ರಮವಾಗಿ ಕೈಕೊಂಡ ಊರು ಈಶಾನ್ಯ ತೀರದ ಕಾಮಾಯಿಶಿ. ಗುನ್ಮಾ ವಿಶ್ವವಿದ್ಯಾನಿಲಯದ ಕತಾದಾ ತೊಶಿತಾಕಾ ಎಂಬ ಪ್ರಾಧ್ಯಾಪಕರು ಮೊದಲು ದೊಡ್ಡವರಿಗೆ ಉಪನ್ಯಾಸಗಳನ್ನು ಮಾಡಿ ನೋಡಿದರು; ಬರುವವರು ಎಂದೂ ಅವರೇ ಎಂಬುದನ್ನು ಕಂಡು ಶಾಲೆಗಳ ಕಡೆಗೆ ತಿರುಗಿದರು. ಅವರು ಮಕ್ಕಳಿಗೆ ಹೇಳಿಕೊಟ್ಟ ಸೂತ್ರಗಳು ಮೂರು: ಮುಂಗಾಣ್ಕೆಯ ಲೆಕ್ಕಾಚಾರವನ್ನೇ ನಂಬಿ ಕೂರಬಾರದು, ಆ ಹೊತ್ತಿನಲ್ಲಿ ಸಾಧ್ಯವಾದಷ್ಟನ್ನೂ ಮಾಡಬೇಕು, ಎಲ್ಲರಿಗಿಂತ ಮೊದಲು ತಾನು ಹೊರಡಬೇಕು. ಮೂರನೆಯದನ್ನು ಕೇಳಿ ಸ್ವಾರ್ಥಬೋಧೆಯೆಂದು ಹುಬ್ಬೇರಿಸುವವರುಂಟು. ಒಬ್ಬನು ಓಡಿದರೆ ಅವನನ್ನು ಕಂಡು ಹತ್ತು ಜನರು ಓಡುತ್ತಾರೆಂಬ ಲೋಕಾನುಭವವು ಅದರಲ್ಲಡಗಿದೆ. ಸೂತ್ರಗಳಿಗಿಂತಲೂ ಮುಖ್ಯವಾದುದು ಉಪಾಧ್ಯಾಯರು ತಾವೇ ಸೇರಿ ಸಿದ್ಧಪಡಿಸಿ 2010ರಲ್ಲಿ ಹೊರತಂದ ಕೈಪಿಡಿ. ಸುನಾಮಿಗೆಂದು ಬೇರೆಯ ಪಾಠವಿಲ್ಲ, ಬೇರೆಯ ಗಂಟೆಯೂ ಇಲ್ಲ. ಗಣಿತದಲ್ಲಿ ವೇಗದ ಲೆಕ್ಕ ಬಂದಾಗ ಅಲೆಯ ವೇಗವನ್ನು ಲೆಕ್ಕಕ್ಕೆ ಕೊಡುವುದು, ಹೀಗೆ ನಿತ್ಯದ ಪಾಠಗಳೊಳಗೇ ಅದನ್ನು ಹೆಣೆದರು. ಯಾವ ಉಪಾಧ್ಯಾಯನೂ ಒಂದು ಸಂಗತಿಯನ್ನು ವರ್ಷವೂ ಕಲಿಸುತ್ತ ತಾನು ಕಲಿಯದೆ ಇರಲಾರನು. ಮಕ್ಕಳ ಶಿಕ್ಷಣವೆಂದು ಹೆಸರಾದ ಆ ಕೈಪಿಡಿಯು ವಾಸ್ತವವಾಗಿ ಉಪಾಧ್ಯಾಯರ ಶಿಕ್ಷಣವೇ ಆಗಿತ್ತು.

2011ರ ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಭೂಕಂಪವಾಯಿತು. ಕಾಮಾಯಿಶಿಯ ಉನೊಸುಮಾಯಿ ಎಂಬ ಭಾಗದಲ್ಲಿ ಪ್ರಾಥಮಿಕ ಶಾಲೆಯೂ ಮಾಧ್ಯಮಿಕ ಶಾಲೆಯೂ ಅಕ್ಕಪಕ್ಕದಲ್ಲಿದ್ದವು. ಚಿಕ್ಕ ಮಕ್ಕಳನ್ನು ಅವರ ಉಪಾಧ್ಯಾಯರು ಮೊದಲು ಕಟ್ಟಡದ ಮೂರನೆಯ ಅಂತಸ್ತಿಗೆ ಏರಿಸಿದ್ದರು. ನೆರೆಯ ಶಾಲೆಯ ದೊಡ್ಡ ಮಕ್ಕಳು ಗುಡ್ಡದ ಕಡೆಗೆ ಓಡುವುದನ್ನು ಕಂಡು ಅವರು ತಮ್ಮ ತೀರ್ಮಾನವನ್ನು ಅಲ್ಲಿಯೇ ಬದಲಿಸಿ, ಮಕ್ಕಳನ್ನು ಕೆಳಗಿಳಿಸಿಕೊಂಡು ಹಿಂದೆಯೇ ಹೊರಟರು. ಗೊತ್ತುಮಾಡಿದ್ದ ಆಶ್ರಯಸ್ಥಾನವನ್ನು ತಲಪಿದಾಗ ಅದರ ಹಿಂಬದಿಯ ದರೆಯು ಕುಸಿಯುತ್ತಿದ್ದಿತು. ಇನ್ನೂ ಮೇಲಿನ ಸ್ಥಳಕ್ಕೆ ಹೋದರು. ಅಲ್ಲಿಂದ ಕೆಳಗೆ ನೋಡಿದರೆ ಕಡಲು ಊರೊಳಗಿತ್ತು. ಮತ್ತೂ ಮೇಲಕ್ಕೆ ಓಡಿದರು. ದೊಡ್ಡ ಹುಡುಗರು ಚಿಕ್ಕವರ ಕೈ ಹಿಡಿದಿದ್ದರು. ಶಿಶುಪಾಲನಾಲಯದ ಹಸುಳೆಗಳನ್ನು ಕುಳ್ಳಿರಿಸಿದ ಗಾಡಿಗಳನ್ನು ತಳ್ಳಿದವರೂ ಅವರೇ. ಬಿಟ್ಟುಬಂದ ಮೂರನೆಯ ಅಂತಸ್ತನ್ನು ನೀರು ಮುಳುಗಿಸಿತು. ಆ ನಗರದ ಸುಮಾರು ಮೂರು ಸಾವಿರ ಶಾಲಾಮಕ್ಕಳಲ್ಲಿ ಮಡಿದವರು ಐವರು. ಆ ಐವರೂ ಆಗ ಉಪಾಧ್ಯಾಯರ ವಶದಲ್ಲಿರಲಿಲ್ಲ. ಪತ್ರಿಕೆಗಳು ಇದನ್ನು ಪವಾಡವೆಂದು ಕರೆದವು. ಊರಿನವರಿಗೆ ಆ ಮಾತು ರುಚಿಸಲಿಲ್ಲ. ಅವರ ಅಸಮಾಧಾನವು ನ್ಯಾಯವಾದುದೇ: ಪವಾಡವೆಂದರೆ ವರ್ಷಗಟ್ಟಲೆ ಮಾಡಿದ ಅಭ್ಯಾಸವನ್ನು ಅಳಿಸಿದಂತಾಗುತ್ತದೆ, ಅಲ್ಲದೆ ಅದೇ ಊರಿನಲ್ಲಿ ಸಾವಿರಕ್ಕೂ ಮೇಲ್ಪಟ್ಟು ಜನರು ಸತ್ತಿದ್ದರು.

ಆ ಸತ್ತವರ ಒಂದು ಸಂಗತಿಯನ್ನು ಇಲ್ಲಿ ಬಿಡುವಂತಿಲ್ಲ. ಉನೊಸುಮಾಯಿಯಲ್ಲಿಯೇ ವಿಪತ್ತುನಿವಾರಣ ಕೇಂದ್ರವೆಂಬ ಹೊಸ ಕಟ್ಟಡವೊಂದಿದ್ದಿತು. ಸುನಾಮಿಯ ಕಾಲಕ್ಕೆ ಸೇರಬೇಕಾದ ಸ್ಥಳವು ಅದಾಗಿರಲಿಲ್ಲ. ಆದರೆ ಗುಡ್ಡ ಹತ್ತಲಾರದ ವೃದ್ಧರಿಗೆ ಅನುಕೂಲವೆಂದು ತಾಲೀಮಿನ ದಿನಗಳಲ್ಲಿ ಜನರು ಅಲ್ಲಿಯೇ ಸೇರುವ ರೂಢಿಯಾಗಿಬಿಟ್ಟಿತ್ತು. ಆ ದಿನವೂ ಅಭ್ಯಾಸವಾದಂತೆ ಅಲ್ಲಿಗೇ ಬಂದರು. ನೂರಕ್ಕೂ ಹೆಚ್ಚು ಜನರು ಆ ಕಟ್ಟಡದಲ್ಲಿ ಮಡಿದರು. ಪಕ್ಕದ ಶಿಶುವಿಹಾರದ ಉಪಾಧ್ಯಾಯಿನಿಯರೂ ಅವರಲ್ಲಿ ಸೇರಿದ್ದರು. ತಾಲೀಮು ಎಂಬುದು ಎರಡಲಗಿನ ಕತ್ತಿ. ಸುಲಭಕ್ಕಾಗಿ ತಪ್ಪು ಸ್ಥಳದಲ್ಲಿ ಮಾಡಿದ ಅಭ್ಯಾಸವು, ಏನೂ ಮಾಡದಿರುವುದಕ್ಕಿಂತ ಕೆಟ್ಟದು.

ಜಪಾನಿನ ಶಾಸನದ ಪ್ರಕಾರ ಶಿಶುಪಾಲನಾಲಯಗಳು ತಿಂಗಳಿಗೊಮ್ಮೆಯಾದರೂ ಪಾರಾಗುವ ತಾಲೀಮನ್ನು ನಡೆಸಲೇಬೇಕು. ಶಾಲೆಯ ಮಕ್ಕಳಿಗಿಂತ ಕೂಸುಗಳಿಗೆ ಕಟ್ಟುಪಾಡು ಹೆಚ್ಚಾಗಿರುವುದನ್ನು ಕಂಡು ಆಶ್ಚರ್ಯಪಡಬೇಕಾದುದಿಲ್ಲ. ಆರು ವರ್ಷದ ಹುಡುಗನಿಗೆ ಓಡೆಂದರೆ ಓಡುತ್ತಾನೆ. ಒಂದು ವರ್ಷದ ಮಗುವನ್ನು ಎತ್ತಿಕೊಳ್ಳಬೇಕು, ಎರಡು ವರ್ಷದ್ದನ್ನು ಗಾಡಿಯಲ್ಲಿ ಕುಳ್ಳಿರಿಸಬೇಕು, ಮೂರು ವರ್ಷದ್ದು ಅಳುತ್ತ ಕುಳಿತರೆ ಸಮಾಧಾನ ಹೇಳಬೇಕು. ಯಾರು ಎಷ್ಟು ಮಕ್ಕಳನ್ನು ಎತ್ತಿಕೊಳ್ಳುವುದು, ಗಾಡಿಯು ಯಾವ ದಾರಿಯಲ್ಲಿ ಹತ್ತುವುದು, ಮಲಗಿರುವಾಗ ಕಂಪಿಸಿದರೆ ಏನು ಗತಿ ಎಂಬಿವು ಆ ಗಳಿಗೆಯಲ್ಲಿ ಯೋಚಿಸುವ ವಿಷಯಗಳಲ್ಲ. 2011ರ ಆ ಮಧ್ಯಾಹ್ನ ಅನೇಕ ಪಾಲನಾಲಯಗಳಲ್ಲಿ ಮಕ್ಕಳು ನಿದ್ದೆಯಿಂದೇಳುವ ಹೊತ್ತಾಗಿತ್ತು. ತಿಂಗಳು ತಿಂಗಳೂ ನಡೆದು ಅಭ್ಯಾಸವಾಗಿದ್ದ ದಾರಿಯಲ್ಲಿಯೇ ಅವರನ್ನು ಸಾಗಿಸಿ ಉಳಿಸಿದ ಉಪಾಧ್ಯಾಯಿನಿಯರು ಹಲವರು.

ಇದಕ್ಕೆ ವಿರುದ್ಧವಾದ ಉದಾಹರಣೆಯು ಇಶಿನೊಮಾಕಿ ನಗರದ್ದು. ಅಲ್ಲಿಯ ಒಂದು ಶಿಶುವಿಹಾರವು ಗುಡ್ಡದ ಮೇಲಿತ್ತು. ಅಲೆಯು ಅದನ್ನು ಮುಟ್ಟಲೇ ಇಲ್ಲ. ಭೂಕಂಪವಾದ ಮೇಲೆ ಮಕ್ಕಳನ್ನು ಮನೆಗೆ ಮುಟ್ಟಿಸಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಬಸ್ಸನ್ನು ಕೆಳಗಿನ ಕಡಲ ಕಡೆಗೆ ಕಳುಹಿಸಿದರು. ಐವರು ಮಕ್ಕಳು ಸತ್ತರು. ಮಕ್ಕಳನ್ನು ಶಾಲೆಯಲ್ಲಿಯೇ ಇರಿಸಿಕೊಂಡು ತಂದೆತಾಯಿಗಳಿಗೆ ಒಪ್ಪಿಸಬೇಕೆಂದು ಆ ಶಿಶುವಿಹಾರದ ಕೈಪಿಡಿಯಲ್ಲಿಯೇ ಬರೆದಿದ್ದಿತು. ಅದನ್ನು ಅಲ್ಲಿಯ ಉಪಾಧ್ಯಾಯರಿಗೆ ತಿಳಿಸಿರಲಿಲ್ಲ. 2013ರ ಸೆಪ್ಟೆಂಬರಿನಲ್ಲಿ ಸೆಂದಾಯಿಯ ಜಿಲ್ಲಾ ನ್ಯಾಯಾಲಯವು ಪರಿಹಾರವನ್ನು ಕೊಡುವಂತೆ ವಿಧಿಸಿತು. ಪೆಟ್ಟಿಗೆಯೊಳಗಿನ ಓಲೆಗರಿಯು ಪಾಠವಾಗದೆಂಬುದನ್ನು ಪಾಠಶಾಲೆಯವರಿಗೆ ಹೇಳಬೇಕಾಗಿ ಬಂದುದು ವಿಧಿಯ ವಿಡಂಬನೆ.

ಅದೇ ಇಶಿನೊಮಾಕಿಯ ಸೇರುವೆಯಲ್ಲಿ, ಕಿತಾಕಾಮಿ ನದಿಯ ದಡದಲ್ಲಿ, ಕಡಲಿನಿಂದ ಸುಮಾರು 4 ಕಿಲೋಮೀಟರು ಒಳಗೆ ಒಕಾವಾ ಪ್ರಾಥಮಿಕ ಶಾಲೆಯಿದ್ದಿತು. ಅಪಾಯದ ನಕ್ಷೆಯಲ್ಲಿ ಸುನಾಮಿಯ ಗೆರೆಯು ಶಾಲೆಯ ವರೆಗೆ ಬಂದಿರಲಿಲ್ಲ. ಊರಿನವರಿಗೆ ಶಾಲೆಯೇ ಆಶ್ರಯಸ್ಥಾನವೆಂದು ಗೊತ್ತಾಗಿತ್ತು. ಶಾಲೆಯ ಕೈಪಿಡಿಯಲ್ಲಿ ಎರಡನೆಯ ಆಶ್ರಯವೆಂದು ಬರೆದಿದ್ದುದು ‘ಸಮೀಪದ ಬಯಲು, ಉದ್ಯಾನ ಮುಂತಾದುವು’ ಎಂಬ ಅರ್ಥದ ಮಾತು ಮಾತ್ರ. ಯಾವ ಬಯಲು, ಯಾವ ಉದ್ಯಾನ ಎಂಬುದಿಲ್ಲ. ಕಂಪನವು ನಿಂತ ಮೇಲೆ ಉಪಾಧ್ಯಾಯರು ಮಕ್ಕಳನ್ನು ಅಂಗಳಕ್ಕೆ ಕರೆತಂದು ಎಣಿಸಿ ನಿಲ್ಲಿಸಿದರು. ಮುಖ್ಯೋಪಾಧ್ಯಾಯರು ಆ ದಿನ ಊರಲ್ಲಿರಲಿಲ್ಲ. ಶಾಲೆಯ ಹಿಂದೆಯೇ ಗುಡ್ಡ. ಪಾಠದ ಅಂಗವಾಗಿ ಮಕ್ಕಳು ಅಣಬೆ ಬೆಳೆಸಲು ಹತ್ತಿ ಇಳಿಯುತ್ತಿದ್ದ ಇಳಿಜಾರು. ಹಿಮ ಬಿದ್ದಿದೆ, ಮರಗಳು ಉರುಳಬಹುದು, ಕಂಪನವಿನ್ನೂ ನಿಂತಿಲ್ಲ ಎಂದು ವಿಚಾರ ನಡೆಯಿತು. ಹೀಗೆ ಸುಮಾರು ಐವತ್ತು ನಿಮಿಷಗಳು ಕಳೆದುಹೋದವು. ಕಟ್ಟಕಡೆಗೆ ಹೊರಟುದು ಗುಡ್ಡದ ಕಡೆಗಲ್ಲ, ನದಿಯ ಸೇತುವೆಯ ಬಳಿಯ ತುಸು ಎತ್ತರದ ತಾಣದ ಕಡೆಗೆ. ಹೊರಟ ಒಂದೆರಡು ನಿಮಿಷಗಳಲ್ಲಿಯೇ ನೀರು ಎದುರಾಯಿತು. 74 ಮಕ್ಕಳೂ 10 ಉಪಾಧ್ಯಾಯರೂ ತೀರಿಹೋದರು. ಅಲ್ಲಿದ್ದ ಉಪಾಧ್ಯಾಯರಲ್ಲಿ ಉಳಿದವರು ಒಬ್ಬರು, ಮಕ್ಕಳಲ್ಲಿ ನಾಲ್ವರು.

ಸತ್ತ ಮಕ್ಕಳ ತಂದೆತಾಯಿಗಳಲ್ಲಿ ಕೆಲವರು, 23 ಮಕ್ಕಳ ಪರವಾಗಿ, ನ್ಯಾಯಾಲಯಕ್ಕೆ ಹೋದರು. ಮಕ್ಕಳೊಡನೆಯೇ ಪ್ರಾಣಬಿಟ್ಟ ಉಪಾಧ್ಯಾಯರ ಮೇಲೆ ದೋಷವನ್ನು ಹೊರಿಸುವುದೇ ಎಂದು ಊರಿನಲ್ಲಿ ಎರಡು ಪಕ್ಷಗಳಾದವು. 2016ರ ಅಕ್ಟೋಬರಿನಲ್ಲಿ ಜಿಲ್ಲಾ ನ್ಯಾಯಾಲಯವು ತಂದೆತಾಯಿಗಳ ಪರವಾಗಿಯೇ ತೀರ್ಪಿತ್ತಿತು. ಆದರೆ ಅದು ಹಿಡಿದದ್ದು ಕೊನೆಯ ಕೆಲವು ನಿಮಿಷಗಳನ್ನು. ಅಲೆಯು ಬರುತ್ತಿದೆಯೆಂದು ಪುರಸಭೆಯ ವಾಹನವು ಸಾರುತ್ತ ಹೋದ ಮೇಲೆ ಗುಡ್ಡವನ್ನು ಹತ್ತಿಸಬೇಕಾಗಿತ್ತೆಂಬುದು ಅದರ ಅಭಿಪ್ರಾಯ. ಅಂದರೆ ಉಪಾಧ್ಯಾಯನಿಂದ ನ್ಯಾಯಾಲಯವು ಬೇಡಿದ್ದು ಪ್ರತ್ಯುತ್ಪನ್ನಮತಿಯನ್ನು. ಅದಿಲ್ಲದ್ದಕ್ಕೆ ಸತ್ತವರು ಹೊಣೆಗಾರರಾದರು.

2018ರ ಏಪ್ರಿಲ್ 26ರಂದು ಸೆಂದಾಯಿಯ ಉಚ್ಚ ನ್ಯಾಯಾಲಯವು ಆ ದೃಷ್ಟಿಯನ್ನೇ ತಿರುಗಿಸಿತು. ದೋಷವು ಅಂಗಳದಲ್ಲಿ ನಿಂತ ಐವತ್ತು ನಿಮಿಷಗಳದ್ದಲ್ಲ, ಅದಕ್ಕೆ ಹಿಂದಿನ ವರ್ಷದ್ದು. ಕೈಪಿಡಿಯಲ್ಲಿ ಸರಿಯಾದ ಆಶ್ರಯಸ್ಥಾನವನ್ನೂ ಅದರ ದಾರಿಯನ್ನೂ ಮುಂಚೆಯೇ ಬರೆದಿಡದ ಶಾಲಾಧಿಕಾರಿಗಳದ್ದು. ಅದನ್ನು ತರಿಸಿ ನೋಡಿ ತಿದ್ದಿಸದ ವಿದ್ಯಾಮಂಡಲಿಯದ್ದು. ಮಕ್ಕಳ ಜೀವವನ್ನು ವಹಿಸಿಕೊಂಡವರು ಊರಿನ ಸಾಮಾನ್ಯ ಜನರಿಗಿಂತ ಹೆಚ್ಚಿನ ತಿಳಿವಳಿಕೆಯನ್ನು ಪಡೆದಿರಬೇಕು, ಸರ್ಕಾರದ ನಕ್ಷೆಯನ್ನು ಕೂಡ ಹಾಗೆಯೇ ನಂಬದೆ ತಾವು ಪರೀಕ್ಷಿಸಬೇಕು ಎಂದು ಅದು ಹೇಳಿತು. 2019ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮೇಲಿನ ಮನವಿಯನ್ನು ತಳ್ಳಿಹಾಕಿದುದರಿಂದ ಈ ತೀರ್ಪೇ ಸ್ಥಿರವಾಯಿತು. ಇದು ಉಪಾಧ್ಯಾಯರ ಮೇಲೆ ಹೊರಲಾರದ ಭಾರವೆಂದು ಕೆಲವರು ಆಕ್ಷೇಪಿಸಿದರು. ವಿಚಾರಮಾಡಿದರೆ ಇದು ಭಾರವನ್ನು ಇಳಿಸಿದ ತೀರ್ಪು. ಹಿಮದಲ್ಲಿ ನಡುಗುತ್ತ, ಅಳುವ ಮಕ್ಕಳನ್ನು ಸಂತೈಸುತ್ತ ನಿಂತ ಹತ್ತು ಜನರ ತಲೆಯಿಂದ ಅದನ್ನು ತೆಗೆದು, ಬಿಡುವಿದ್ದಾಗ ಮೇಜಿನ ಮುಂದೆ ಕುಳಿತು ಮಾಡಬಹುದಾಗಿದ್ದುದನ್ನು ಮಾಡದವರ ತಲೆಗೆ ಹೊರಿಸಿದೆ.

ಇದೆಲ್ಲ ದ್ವೀಪವಾಸಿಗಳ ಕಷ್ಟವೆಂದು ಭಾರತೀಯ ವಾಚಕರು ತಳ್ಳಿಬಿಡುವಂತಿಲ್ಲ. 2001ರ ಜನವರಿ 26ರ ಬೆಳಿಗ್ಗೆ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಕಚ್ಛದ ಅಂಜಾರ್ ಪಟ್ಟಣದ ಇಕ್ಕಟ್ಟಾದ ಬೀದಿಯಲ್ಲಿ ಸಾಗುತ್ತಿದ್ದ 185 ಮಕ್ಕಳೂ 20 ಶಿಕ್ಷಕರೂ ಎರಡೂ ಬದಿಯ ಮನೆಗಳು ಕುಸಿದು ಅಸುನೀಗಿದರು. 2022ರಲ್ಲಿ ಅವರಿಗೊಂದು ಸ್ಮಾರಕವಾಗಿದೆ. ಅದೇ ಅಂಜಾರನ್ನು 1956ರ ಜುಲೈ ತಿಂಗಳಿನಲ್ಲಿ ಭೂಕಂಪವು ಒಮ್ಮೆ ಕೆಡವಿದ್ದಿತು. ಅದನ್ನು ಕಣ್ಣಾರೆ ಕಂಡ ಹಿರಿಯರು ಊರಿನಲ್ಲಿ ಇನ್ನೂ ಇದ್ದರು. ಆದರೂ ಮೆರವಣಿಗೆಯ ಬೀದಿಯನ್ನು ಆರಿಸುವಾಗ ಭೂಕಂಪವನ್ನು ನೆನೆಯಬೇಕೆಂದು ಭರತಖಂಡದ ಯಾವ ಉಪಾಧ್ಯಾಯನಿಗೆ ಯಾರು ಕಲಿಸಿದ್ದರು? ವಿಪತ್ತುನಿರ್ವಹಣೆಯ ಶಾಸನವು ಈ ದೇಶದಲ್ಲಿ 2005ರಲ್ಲಿ ಬಂದಿತು; ಶಾಲೆಗಳ ಸುರಕ್ಷತೆಗಾಗಿ ರಾಷ್ಟ್ರೀಯ ಪ್ರಾಧಿಕಾರದ ಮಾರ್ಗದರ್ಶಿಯು 2016ರಲ್ಲಿ ಹೊರಟಿತು. ಅದು ಇಶಿನೊಮಾಕಿಯ ಆ ಕೈಪಿಡಿಯಂತೆ ಪೆಟ್ಟಿಗೆಯಲ್ಲಿದೆಯೋ, ಕಾಮಾಯಿಶಿಯದರಂತೆ ಗಣಿತದ ಪಾಠದೊಳಗೆ ಇಳಿದಿದೆಯೋ ಎಂಬುದನ್ನು ಆಯಾ ಶಾಲೆಯವರೇ ಬಲ್ಲರು.

ಜಪಾನಿನ ಐದನೆಯ ತರಗತಿಯ ವಾಚಕವೊಂದಕ್ಕೆ ಹಮಗುಚಿ ಗೊರ್ಯೋ 2011ರ ಏಪ್ರಿಲಿನಲ್ಲಿ ಮರಳಿ ಬಂದನು. ಮಾರ್ಚಿನ ಅನಾಹುತಕ್ಕೆ ಮೊದಲೇ ಅಚ್ಚಾಗಿದ್ದ ಪುಸ್ತಕವದು. ಈ ಸಲದ ಪಾಠದಲ್ಲಿ ಬೆಂಕಿಯೊಡನೆ ಏರಿಯ ಕಥೆಯೂ ಇದ್ದಿತು. ಒಕಾವಾ ಶಾಲೆಯ ಪಾಳುಕಟ್ಟಡವನ್ನು ಕೆಡವದೆ ಉಳಿಸಿ, 2021ರ ಜುಲೈ ತಿಂಗಳಿನಿಂದ ಸಾರ್ವಜನಿಕರಿಗೆ ತೆರೆದಿದ್ದಾರೆ. ಅದಕ್ಕೂ ಮೊದಲು, 2020ರ ನವೆಂಬರಿನಲ್ಲಿ, ಮಿಯಾಗಿ ಸೀಮೆಯ ವಿದ್ಯಾಮಂಡಲಿಯು ಹೊಸದಾಗಿ ನೇಮಕವಾದ ಮುಖ್ಯೋಪಾಧ್ಯಾಯರ ಶಿಕ್ಷಣಕ್ಕೆ ಅದೇ ಅಂಗಳವನ್ನು ಆರಿಸಿಕೊಂಡಿತು. ಅಲ್ಲಿ ತಮ್ಮ ಮಗುವನ್ನು ಕಳೆದುಕೊಂಡ ತಂದೆಯೊಬ್ಬರು, ತಾವೂ ಉಪಾಧ್ಯಾಯರೇ ಆದವರು, ಮಕ್ಕಳು ಸಾಲಾಗಿ ನಿಂತಿದ್ದ ಸ್ಥಳವನ್ನೂ, ಅದರ ಹಿಂದಿನ ಅಣಬೆಯ ಇಳಿಜಾರನ್ನೂ ಅವರಿಗೆ ತೋರಿಸಿದರು.